ಶ್ವೇತಕೇತುವಿನ ಮರ್ಯಾದೆ: ದಾಂಪತ್ಯನಿಷ್ಠೆಯ ಮೂಲವನ್ನು ಕುರಿತ ವಿಚಾರ

ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು ಕುಂತಿಗೆ ಹೇಳಿದ ಒಂದು ಪುರಾತನ ವೃತ್ತಾಂತವುಂಟು. ಮುನಿಶಾಪದಿಂದ ಸಂತಾನಹೀನನಾದ ಆ ಅರಸನು ನಿಯೋಗದಿಂದ ಮಕ್ಕಳನ್ನು ಪಡೆಯುವಂತೆ ಮಡದಿಯನ್ನು ಒಡಂಬಡಿಸಬೇಕಾಗಿದ್ದಿತು. ಆಕೆಯಾದರೋ ಪತಿಯನ್ನುಳಿದು ಅನ್ಯರನ್ನು ಮನಸ್ಸಿನಲ್ಲಿಯೂ ನೆನೆಯಲಾರೆನೆಂದು ಹಟ ಹಿಡಿದಳು. ಆಗ ಆತನು ಹೇಳಿದುದೇನೆಂದರೆ: ಪೂರ್ವಕಾಲದಲ್ಲಿ ಸ್ತ್ರೀಯರಿಗೆ ಯಾವ ಆವರಣವೂ ಇರಲಿಲ್ಲ, ಅವರು ಸ್ವಚ್ಛಂದರಾಗಿ ಸಂಚರಿಸುತ್ತಿದ್ದರು, ಅದು ಅಧರ್ಮವೆನಿಸದೆ ಧರ್ಮವೇ ಎನಿಸಿದ್ದಿತು, ತಿರ್ಯಗ್ಜಂತುಗಳಲ್ಲಿ ಇಂದಿಗೂ ಆ ನಡೆಯೇ ಇರುವುದು, ಉತ್ತರಕುರುಗಳಲ್ಲಿ ಮನುಷ್ಯರೂ ಅದನ್ನೇ ಅನುಸರಿಸುತ್ತಿರುವರು.

ಈ ಸ್ಥಿತಿಯನ್ನು ಮಾರ್ಪಡಿಸಿದವನು ಉದ್ದಾಲಕಮುನಿಯ ಮಗನಾದ ಶ್ವೇತಕೇತು. ಒಮ್ಮೆ ತಂದೆಯ ಕಣ್ಣೆದುರಿನಲ್ಲಿಯೇ ಒಬ್ಬ ಬ್ರಾಹ್ಮಣನು ಬಂದು ಅವನ ತಾಯಿಯ ಕೈಹಿಡಿದು, ಹೋಗೋಣವೆಂದು ಕರೆದೊಯ್ದನಂತೆ. ಮಗನು ಕೆರಳಿ ಕೆಂಡವಾದನು. ತಂದೆಯು ಮಾತ್ರ ಶಾಂತನಾಗಿ, ಕೋಪಿಸಬೇಡ, ಇದು ಸನಾತನವಾದ ಧರ್ಮ, ಹೆಂಗಸರು ಗೋವುಗಳಂತೆ ಅನಾವೃತರು ಎಂದು ಸಮಾಧಾನ ಹೇಳಿದನು. ಮಗನು ಆ ಧರ್ಮವನ್ನು ಸಹಿಸಲಿಲ್ಲ. ಅಂದಿನಿಂದ ಮೂರು ವಿಧಿಗಳನ್ನು ನೆಲೆಗೊಳಿಸಿದನು. ಪತಿಯನ್ನು ಮೀರಿ ನಡೆದ ಸ್ತ್ರೀಗೆ ಭ್ರೂಣಹತ್ಯೆಗೆ ಸಮನಾದ ಪಾತಕ. ಪತಿವ್ರತೆಯಾದ ಪತ್ನಿಯನ್ನು ಮೀರಿ ನಡೆದ ಪುರುಷನಿಗೂ ಅದೇ ಪಾತಕ. ಸಂತಾನಕ್ಕಾಗಿ ಪತಿಯು ನಿಯೋಜಿಸಲು ಒಲ್ಲೆನೆಂದವಳಿಗೂ ಅದೇ. ಪಾಂಡುವಿಗೆ ಬೇಕಾಗಿದ್ದುದು ಈ ಮೂರನೆಯ ವಿಧಿ. ಕಥೆಯನ್ನು ತೆಗೆದುದೇ ಅದಕ್ಕಾಗಿ. ಆದರೆ ಎರಡನೆಯ ವಿಧಿಯು ವಿಶೇಷವಾಗಿ ಗಮನಿಸತಕ್ಕುದು. ಶ್ವೇತಕೇತುವಿನ ಮರ್ಯಾದೆ ಗಂಡಸನ್ನೂ ಕಟ್ಟಿತು.

ಅದೇ ಪರ್ವದಲ್ಲಿ ದೀರ್ಘತಮಸ್ಸೆಂಬ ಜಾತ್ಯಂಧನಾದ ಋಷಿಯ ಕಥೆಯೂ ಬರುವುದು. ಅವನ ಹೆಂಡತಿಯಾದ ಪ್ರದ್ವೇಷಿಯು, ನಿನ್ನನ್ನೂ ಮಕ್ಕಳನ್ನೂ ಹೊರೆದು ಬಳಲಿದೆನು, ಇನ್ನಾಗದು ಎಂದಳೆಂದೂ, ಆಗ ಆತನು ಕುಪಿತನಾಗಿ ಇಂದಿನಿಂದ ಹೆಣ್ಣಿಗೆ ಬಾಳಿನುದ್ದಕ್ಕೂ ಒಬ್ಬನೇ ಪತಿ, ಅವನು ಬದುಕಿರಲಿ ಸತ್ತಿರಲಿ, ಎಂದು ಕಟ್ಟುಮಾಡಿದನೆಂದೂ ಕೆಲವು ಪಾಠಗಳಲ್ಲಿ ಹೇಳಿದೆ. ಇಲ್ಲಿ ಗಂಡಸಿಗೆ ಯಾವ ಕಟ್ಟೂ ಇಲ್ಲ. ಮಕ್ಕಳು ಆ ಮುದುಕನನ್ನು ತೆಪ್ಪಕ್ಕೆ ಬಿಗಿದು ಗಂಗೆಯಲ್ಲಿ ತೇಲಿಬಿಟ್ಟರು. ಬಲಿಯೆಂಬ ಅರಸನು ಅವನನ್ನು ಎತ್ತಿಕೊಂಡು ಹೋಗಿ ತನ್ನ ರಾಣಿಯಲ್ಲಿ ಕ್ಷೇತ್ರಜರಾದ ಪುತ್ರರನ್ನು ಪಡೆದನು. ಹೆಣ್ಣಿಗೆ ಏಕಪತಿನಿಯಮವನ್ನು ವಿಧಿಸಿದ ಮಹಾತ್ಮನೇ ಪರರ ಪತ್ನಿಯಲ್ಲಿ ಸಂತಾನಕ್ಕೆ ಕಾರಣನಾದುದನ್ನು ವ್ಯಾಸರು ಮುಚ್ಚಿಡದೆ ಹೇಳಿರುವರು.

ಈ ಕಥೆಗಳಲ್ಲಿ ಎರಡು ಪ್ರತಿಜ್ಞೆಗಳು ಅಡಗಿವೆ. ಮೃಗಪಕ್ಷಿಗಳಲ್ಲಿ ದಾಂಪತ್ಯಬಂಧನವಿಲ್ಲವೆಂಬುದು ಒಂದು. ಮನುಷ್ಯರಲ್ಲಿ ಅದು ಒಂದಾನೊಂದು ಕಾಲದಲ್ಲಿ ಒಬ್ಬಾನೊಬ್ಬನಿಂದ ಹುಟ್ಟಿತೆಂಬುದು ಇನ್ನೊಂದು. ಇವೆರಡೂ ಪರೀಕ್ಷೆಗೆ ಒಳಪಡತಕ್ಕವುಗಳು. ಕಳೆದ 160 ವರ್ಷಗಳಿಂದ ಒಳಪಟ್ಟೂ ಇವೆ. ಇದು ಬರಿಯ ಕುತೂಹಲದ ವಿಷಯವಲ್ಲ. ಏಕದಾಂಪತ್ಯವೇ ನಿಸರ್ಗನಿಯಮವೆಂದು ನಂಬಿದವರು ತಪ್ಪಿ ನಡೆದವಳನ್ನು ಸೃಷ್ಟಿಗೇ ವಿರೋಧಿಯೆಂದು ದೂಷಿಸಿ ಮನೆಯಿಂದ ಹೊರದೂಡಿದರು. ನಿಸರ್ಗದಲ್ಲಿ ನಿಷ್ಠೆಯೆಂಬುದೇ ಇಲ್ಲವೆಂದವರು ಗಂಡಸಿನ ಲಂಪಟತನಕ್ಕೆ ಪ್ರಕೃತಿಯ ಹೆಸರಿನಿಂದ ಸಮರ್ಥನೆಯನ್ನು ಒದಗಿಸಿದರು. ಆದುದರಿಂದ ನಿಸರ್ಗವು ನಿಜವಾಗಿ ಹೇಳುವುದೇನೆಂದು ತಿಳಿದುಕೊಳ್ಳುವುದು ಆವಶ್ಯಕ.

ಪಶ್ಚಿಮದೇಶಗಳಲ್ಲಿ ಈ ಚರ್ಚೆಗೆ ಮೊದಲುಮಾಡಿದವನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಬಾಖೋಫನ್. ಅವನು 1861ನೆಯ ಇಸವಿಯಲ್ಲಿ ಮಾತೃಪ್ರಭುತ್ವವನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿ, ಆದಿಯಲ್ಲಿ ನಿರ್ಬಂಧವಿಲ್ಲದ ಸಂಸರ್ಗವಿದ್ದಿತೆಂದೂ, ತಂದೆಯು ಯಾರೆಂದು ತಿಳಿಯದುದರಿಂದ ತಾಯಿಯ ಮೂಲಕವೇ ವಂಶಗಣನೆ ನಡೆಯಿತೆಂದೂ, ಪಿತೃಪ್ರಭುತ್ವವು ಅನಂತರ ಬಂದುದೆಂದೂ ವಾದಿಸಿದನು. ಸ್ಕಾಟ್ಲೆಂಡಿನ ಮ್ಯಾಕ್‌ಲೆನನ್ 1865ರಲ್ಲಿಯೂ, ಅಮೆರಿಕದ ಮೋರ್ಗನ್ 1877ರಲ್ಲಿಯೂ ಸ್ವಲ್ಪ ಭೇದದಿಂದ ಇದೇ ಜಾಡನ್ನು ಹಿಡಿದರು. ಮೂವರೂ ನ್ಯಾಯಶಾಸ್ತ್ರವನ್ನು ಓದಿದವರೆಂಬುದು ಮೋಜಿನ ಸಂಗತಿ. ಅವರಲ್ಲಿ ಮೋರ್ಗನನು ಬೀವರ್ ಎಂಬ ನೀರುಪ್ರಾಣಿಯ ಮೇಲೆ 1868ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದನು. ಆ ಪ್ರಾಣಿಯು ಗಂಡುಹೆಣ್ಣು ಜೊತೆಗೂಡಿ ಮರಿಗಳೊಡನೆ ಮನೆಮಾಡಿಕೊಂಡು ಬಾಳತಕ್ಕುದು. ಆದರೂ ಮನುಷ್ಯನ ಆದಿಯನ್ನು ಊಹಿಸುವಾಗ ಆ ಪಾಠವು ಅವನಿಗೆ ನೆನಪಾಗಲಿಲ್ಲ.

ಮೋರ್ಗನನ ಮುಖ್ಯಾಧಾರವು ಸಂಬಂಧವಾಚಕ ಶಬ್ದಗಳು. 1871ರಲ್ಲಿ ಅವನು ಪ್ರಕಟಿಸಿದ ಕೋಷ್ಟಕಗಳಲ್ಲಿ ತಮಿಳು ತೆಲುಗುಗಳೊಡನೆ ಕನ್ನಡದ ಶಬ್ದಗಳೂ ಸೇರಿದ್ದವು. ಒಂದು ಪೀಳಿಗೆಯ ಹಲವು ಗಂಡಸರನ್ನು ತಂದೆಯೆಂದು ಕರೆಯುವ ಭಾಷೆಯಿದ್ದರೆ, ಹಿಂದೊಮ್ಮೆ ತಂದೆಯು ಯಾರೆಂದು ನಿಶ್ಚಯವಿಲ್ಲದಿದ್ದ ಕಾಲದ ಪಳೆಯುಳಿಕೆ ಅದು ಎಂಬುದು ಅವನ ತರ್ಕದ ಸಾರ. ಈ ನ್ಯಾಯವನ್ನು ಒಪ್ಪಿದರೆ ದೊಡ್ಡಪ್ಪ ಚಿಕ್ಕಪ್ಪ ಎನ್ನುವ ಪ್ರತಿಯೊಂದು ಕನ್ನಡದ ಮನೆಯೂ ತನ್ನ ತಂದೆ ಯಾರೆಂದು ಶಂಕಿಸಬೇಕಾದೀತು! ಶಬ್ದವು ಸ್ಥಾನವನ್ನೂ ಕರ್ತವ್ಯವನ್ನೂ ಸೂಚಿಸುವುದೇ ಹೊರತು ಜನ್ಮವೃತ್ತಾಂತವನ್ನಲ್ಲ.

ಚಾರ್ಲ್ಸ್ ಡಾರ್ವಿನ್ ಪಂಡಿತನು ಈ ಮತವನ್ನು ಒಪ್ಪಲಿಲ್ಲ. ಮನುಷ್ಯನ ಉತ್ಪತ್ತಿಯನ್ನು ಕುರಿತ 1871ರ ಗ್ರಂಥದಲ್ಲಿ ಅವನು, ಚತುಷ್ಪಾದಿಗಳಲ್ಲಿ ಗಂಡುಗಳ ಮತ್ಸರವು ಎಷ್ಟು ತೀವ್ರವಾದುದೆಂದು ತೋರಿಸಿ, ಆದಿಮಾನವರು ಎಲ್ಲರೊಡನೆ ಎಲ್ಲರೂ ಬೆರೆತು ಬಾಳಿದರೆಂಬುದು ಅಸಂಭಾವ್ಯವೆಂದನು. ಒಬ್ಬೊಬ್ಬನು ಒಬ್ಬ ಹೆಂಡತಿಯನ್ನೋ, ಬಲಿಷ್ಠನಾದರೆ ಹಲವರನ್ನೋ ಇತರರಿಂದ ಕಾಯ್ದುಕೊಂಡಿದ್ದನೆಂಬುದು ಅವನ ಅನುಮಾನ. ಫಿನ್ಲೆಂಡಿನ ವೆಸ್ಟರ್‌ಮಾರ್ಕ್ 1891ರಲ್ಲಿ ಮಾನವವಿವಾಹದ ಇತಿಹಾಸವನ್ನು ಬರೆದು ಇದನ್ನು ಬಲಪಡಿಸಿದನು. ಅವನ ಮತದಲ್ಲಿ ವಿವಾಹದ ಬೇರು ಕುಟುಂಬದಲ್ಲಿದೆ. ಮಗುವಿನ ಪೋಷಣೆಗಾಗಿ ಗಂಡುಹೆಣ್ಣುಗಳು ಕೂಡಿ ಉಳಿದರೇ ವಿನಾ ಕೂಡಿ ಉಳಿದುದಕ್ಕಾಗಿ ಮಗುವನ್ನು ಪೋಷಿಸಲಿಲ್ಲ. ಭಾರತದಲ್ಲಿಯೂ 1926ರಲ್ಲಿ ನಿಧನಹೊಂದಿದ ಮಹಾರಾಷ್ಟ್ರದ ಇತಿಹಾಸಸಂಶೋಧಕರಾದ ವಿ. ಕಾ. ರಾಜವಾಡೆಯವರು ಶ್ವೇತಕೇತುವಿನಂತಹ ಕಥೆಗಳನ್ನು ವಾಸ್ತವ ಇತಿಹಾಸದ ಸ್ಮರಣೆಯೆಂದೇ ಹಿಡಿದು ವಿವಾಹಸಂಸ್ಥೆಯ ವಿಕಾಸವನ್ನು ಕುರಿತು ಲೇಖನಗಳನ್ನು ಬರೆದರು. ಅವರ ವಿದ್ವತ್ತು ಪೂಜ್ಯವಾದುದೇ. ಆದರೂ ಪುರಾಣಕಥೆಯು ಇರುವ ನಿಯಮಕ್ಕೆ ಕಾರಣ ಹೇಳಲು ಹುಟ್ಟುವುದುಂಟು. ಅದರಿಂದ ನಿಯಮವಿಲ್ಲದ ಕಾಲವನ್ನು ಸಾಧಿಸುವುದು ದುರ್ಬಲವಾದ ಹೇತು.

ಇನ್ನು ಪಕ್ಷಿಗಳ ವಿಚಾರ. ಪಾಂಡುವಿನ ಮಾತಿಗೆ ವಿರುದ್ಧವಾಗಿ ಕವಿಗಳು ಪಕ್ಷಿಗಳನ್ನೇ ದಾಂಪತ್ಯಪ್ರೇಮಕ್ಕೆ ಮಾದರಿಯಾಗಿಸಿದರು. ಚಕ್ರವಾಕದ ವಿರಹವೂ, ಆದಿಕವಿಯ ಶೋಕಕ್ಕೆ ಕಾರಣವಾದ ಕ್ರೌಂಚಮಿಥುನವೂ ವಾಚಕರಿಗೆ ತಿಳಿದವುಗಳೇ. ಕ್ರೌಂಚವೆಂದರೆ ಸಾರಸಪಕ್ಷಿಯೇ ಎಂಬುದು ಹಲವರ ಮತ. ಆಕ್ಸ್‌ಫರ್ಡಿನ ಪಕ್ಷಿಶಾಸ್ತ್ರಜ್ಞನಾದ ಡೇವಿಡ್ ಲ್ಯಾಕ್ 1968ರಲ್ಲಿ ಲೆಕ್ಕಹಾಕಿ, ಪಕ್ಷಿಜಾತಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಒಂದು ಗಂಡು ಒಂದು ಹೆಣ್ಣು ಎಂಬ ಕ್ರಮದಲ್ಲಿ ಬಾಳುವುವೆಂದು ತಿಳಿಸಿದಾಗ ಕವಿಗಳೇ ಗೆದ್ದಂತೆ ತೋರಿತು.

ಆದರೆ ಏಳು ವರ್ಷಗಳೊಳಗೆ ಒಂದು ವಿಲಕ್ಷಣವಾದ ಸಂಗತಿಯು ಹೊರಬಿದ್ದಿತು. ಅಮೆರಿಕದಲ್ಲಿ ಬೆಳೆಯನ್ನು ತಿನ್ನುವ ಒಂದು ಜಾತಿಯ ಕೆಂಪುಹೆಗಲಿನ ಕರಿಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಲು, ಗಂಡುಗಳಿಗೆ ಶಸ್ತ್ರಕ್ರಿಯೆಯಿಂದ ಬೀಜಪ್ರವಾಹವನ್ನು ತಡೆದು ಬಿಟ್ಟರು. ಅವುಗಳ ಆಶ್ರಯದಲ್ಲಿ ಗೂಡುಕಟ್ಟಿದ ಹೆಣ್ಣುಗಳು ಬರಡುಮೊಟ್ಟೆಗಳನ್ನಿಡಬೇಕಾಗಿದ್ದಿತು. ಬಹುಪಾಲು ಗೂಡುಗಳಲ್ಲಿ ಮರಿಗಳಾಗತಕ್ಕ ಮೊಟ್ಟೆಗಳೇ ಕಂಡುಬಂದುವು! 1975ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿದವರು ಮೊದಲು ನಕ್ಕರು, ಬಳಿಕ ಯೋಚನೆಗೆ ಬಿದ್ದರು. ಗೂಡಿನ ಒಡೆಯನೇ ಮರಿಗಳ ತಂದೆಯೆಂದು ಇದುವರೆಗೆ ಯಾರು ನೋಡಿದ್ದರು?

ನೋಡುವ ಕಣ್ಣು ದೊರೆತುದು 1984ರಲ್ಲಿ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸರು ವಂಶವಾಹಕ ದ್ರವ್ಯವಾದ ಡಿ. ಎನ್. ಎ.ಯಲ್ಲಿ, ಬೆರಳಚ್ಚಿನಂತೆ ಪ್ರತಿಯೊಬ್ಬರಿಗೂ ಬೇರೆಯಾದ ಗುರುತುಗಳಿರುವುದನ್ನು ಕಂಡುಹಿಡಿದರು. 1987ರಲ್ಲಿ ಮನೆಯ ಸೂರಿನ ಗುಬ್ಬಚ್ಚಿಗಳ ಮೇಲೆಯೇ ಆ ಪರೀಕ್ಷೆಯು ನಡೆದು, ಸಾಕುತ್ತಿದ್ದ ಗಂಡಿಗೆ ಹುಟ್ಟದ ಮರಿಗಳು ಗೂಡಿನಲ್ಲಿರುವುದು ಸಿದ್ಧವಾಯಿತು. ಬಳಿಕ ನೂರಾರು ಜಾತಿಗಳನ್ನು ಪರೀಕ್ಷಿಸಿದರು. 2002ರ ಒಂದು ಸಮೀಕ್ಷೆಯಂತೆ ಜೊತೆಗೂಡಿ ಬಾಳುವ ಪಕ್ಷಿಗಳಲ್ಲಿ ಸರಾಸರಿ ನೂರಕ್ಕೆ 11 ಮರಿಗಳು ಅನ್ಯಜನ್ಯವಾದವು. ಆಸ್ಟ್ರೇಲಿಯದ ನೀಲಬಣ್ಣದ ಒಂದು ಪುಟ್ಟ ಹಕ್ಕಿಯಲ್ಲಂತೂ ನೂರಕ್ಕೆ 76! ಅದರ ಹೆಣ್ಣು ನಸುಕು ಹರಿಯುವ ಮೊದಲೇ ಎದ್ದು ನೆರೆಯ ಗಂಡಿನ ನೆಲೆಗೆ ಹೋಗಿ, ಬೆಳಕಾಗುವಷ್ಟರಲ್ಲಿ ಮರಳುವುದನ್ನು ಕಂಡಿರುವರು. ಸಾರಸಗಳಲ್ಲಿಯೂ ಅಪೂರ್ವವಾಗಿ ಮೂರು ಹಕ್ಕಿಗಳು ಕೂಡಿ ಒಂದೇ ನೆಲೆಯನ್ನು ಕಾಯುವುದನ್ನು ಉತ್ತರಹಿಂದೂಸ್ಥಾನದ ಗದ್ದೆಬಯಲುಗಳಲ್ಲಿ ಗುರುತಿಸಿರುವರು. ಇದರಿಂದ ವಾಲ್ಮೀಕಿಯ ಶೋಕಕ್ಕೆ ಕುಂದೇನೂ ಬಾರದು.

ಹೀಗೆ ಜೊತೆಯಾಗಿ ಬಾಳುವುದು ಬೇರೆ, ಸಂತಾನವು ಜೊತೆಯದೇ ಆಗಿರುವುದು ಬೇರೆ ಎಂಬ ಭೇದವು ಶಾಸ್ತ್ರದಲ್ಲಿ ನೆಲೆಗೊಂಡಿತು. ಮೊದಲನೆಯದನ್ನು ಸಹವಾಸದ ಏಕದಾಂಪತ್ಯವೆನ್ನಬಹುದು. ಎರಡನೆಯದನ್ನು ಬೀಜದ ಏಕದಾಂಪತ್ಯವೆನ್ನಬಹುದು. ಕ್ಷೇತ್ರಬೀಜಗಳ ಭೇದವನ್ನು ಹಿಡಿದು ಕ್ಷೇತ್ರಜ, ಔರಸ, ಗೂಢಜ ಎಂದು ಪುತ್ರರನ್ನು ವಿಂಗಡಿಸಿದ ಧರ್ಮಶಾಸ್ತ್ರಕಾರರಿಗೆ ಈ ವಿವೇಕವು ಹೊಸದಾಗಿ ತೋರುತ್ತಿರಲಿಲ್ಲ.

ಸಸ್ತನಿಗಳಲ್ಲಿ ಲೆಕ್ಕವು ತಲೆಕೆಳಗಾಗುವುದು. ಬಸಿರೂ ಹಾಲೂ ತಾಯಿಯ ಪಾಲಿಗೇ ಬಂದುದರಿಂದ ಗಂಡು ಉಳಿದು ಮಾಡಬೇಕಾದ ಕೆಲಸವು ಕಡಿಮೆ. 2013ರಲ್ಲಿ ಪ್ರಕಟವಾದ, 2,500ಕ್ಕೂ ಮಿಕ್ಕ ಜಾತಿಗಳ ಒಂದು ಪರಿಶೀಲನೆಯಂತೆ ಜೊತೆಯಾಗಿ ಬಾಳುವ ಸಸ್ತನಿಗಳು ನೂರಕ್ಕೆ 9ರಷ್ಟು ಮಾತ್ರ. ಹಾಗಾದರೆ ಆ ಕೆಲವು ಜಾತಿಗಳಲ್ಲಿ ಗಂಡು ಏಕೆ ಉಳಿಯಿತು? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದರ ಜನ್ಮಸ್ಥಾನವು ಕರ್ನಾಟಕದ ಧಾರವಾಡ; ಆ ಸೀಮೆಯ ಕಾಡಂಚಿನ ಮುಸುವಗಳು.

ಕರಿಮೋರೆಯ, ಉದ್ದಬಾಲದ ಈ ಮುಸುವವನ್ನು ಹನುಮಂತನ ಕುಲವೆಂದು ಜನರು ಕೈಮುಗಿಯುವರು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಯುಕಿಮಾರು ಸುಗಿಯಾಮಾ ಎಂಬ ತರುಣ ವಿದ್ವಾಂಸರು 1960ರ ದಶಕದ ಮೊದಲಲ್ಲಿ ಧಾರವಾಡದ ಸಮೀಪದ ಕಾಡಿನಲ್ಲಿ ಅವುಗಳ ಹಿಂಡುಗಳನ್ನು ಬೆನ್ನಟ್ಟಿ ದಿನಚರಿ ಬರೆದುಕೊಂಡರು. ಅಲ್ಲಿ ಬಹುಮಟ್ಟಿಗೆ ಒಂದು ಹಿಂಡಿಗೆ ಒಂದೇ ದೊಡ್ಡ ಗಂಡು. ಉಳಿದ ಗಂಡುಗಳು ಬೇರೆ ಗುಂಪುಕಟ್ಟಿಕೊಂಡು ಅಲೆಯುವುವು. ಒಮ್ಮೆ ಅಂತಹ ಗುಂಪೊಂದು ಒಂದು ಹಿಂಡಿನ ಮೇಲೆ ಬಿದ್ದು, ಹಳೆಯ ಒಡೆಯನನ್ನು ಹೊಡೆದೋಡಿಸಿತು. ಗೆದ್ದವುಗಳಲ್ಲಿ ಒಂದೇ ಗಂಡು ಕೊನೆಗೆ ಹಿಂಡಿನ ಯಜಮಾನನಾಗಿ ನಿಂತಿತು. ಅನಂತರ ನಡೆದುದನ್ನು ನೋಡಿ ಸುಗಿಯಾಮಾ ಅವರು ಬೆರಗಾದರು. ತಾಯಂದಿರ ಎದೆಗಂಟಿಕೊಂಡಿದ್ದ ಮರಿಗಳು ಒಂದೊಂದಾಗಿ ಹಲ್ಲಿನ ಗಾಯಗಳಿಂದ ಸತ್ತುವು. ಮರಿಗಳನ್ನು ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಆ ಹೊಸ ಗಂಡನ್ನೇ ಕೂಡಿದುವು. ಇನ್ನೊಂದು ಹಿಂಡಿನಿಂದ ಗಂಡನ್ನು ಅವರೇ ಹಿಡಿದು ತೆಗೆದು ನೋಡಿದರು. ಹೊಸಗಂಡು ಬಂದೊಡನೆ ಅಲ್ಲಿಯೂ ಮರಿಗಳು ಸತ್ತುವು. 1965ರಲ್ಲಿ ಅವರ ಲೇಖನವು ಪ್ರಕಟವಾಯಿತು.

ಆ ಕಾಲದ ಪಂಡಿತರು ಇದನ್ನು ನಂಬಲು ಹಿಂಜರಿದರು. ಅದಕ್ಕೆ ಸ್ವಲ್ಪ ಮುಂಚೆ ಉತ್ತರದ ಕಾಡುಗಳಲ್ಲಿ ಇದೇ ಜಾತಿಯನ್ನು ನೋಡಿದ ಅಮೆರಿಕದ ಫಿಲಿಸ್ ಜೇ ಎಂಬ ವಿದುಷಿಯು ಅವುಗಳನ್ನು ಶಾಂತಸ್ವಭಾವದ ಪ್ರಾಣಿಗಳೆಂದು ವರ್ಣಿಸಿದ್ದರು. ಜನವಸತಿಯ ಇಕ್ಕಟ್ಟಿನಿಂದ ಕೆಟ್ಟ ಹಿಂಡುಗಳ ರೋಗವಿದು ಎಂದು ಹಲವರು ತಳ್ಳಿಹಾಕಿದರು. ಹಾರ್ವರ್ಡಿನ ವಿದ್ಯಾರ್ಥಿನಿಯಾದ ಸಾರಾ ಹರ್ಡಿ ಎಂಬವರು ಆ ಇಕ್ಕಟ್ಟಿನ ಮತವನ್ನೇ ಪರೀಕ್ಷಿಸುವ ಆಶೆಯಿಂದ 1971ರಲ್ಲಿ ರಾಜಸ್ಥಾನದ ಅಬೂಪರ್ವತಕ್ಕೆ ಬಂದರು. ನೋಡನೋಡುತ್ತ ಅದನ್ನು ಕೈಬಿಟ್ಟರು. ಕೊಲ್ಲುತ್ತಿದ್ದುದು ಹೊರಗಿನಿಂದ ಬಂದ ಗಂಡು. ಕೊಲ್ಲಲ್ಪಟ್ಟುದು ಪರರ ಮರಿ. ಹಾಲೂಡುವ ತಾಯಿಯು ಬೆದೆಗೆ ಬಾರದು. ಮರಿಯು ಸತ್ತರೆ ಬರುವುದು. ಆ ಗಂಡಿನ ಯಜಮಾನಿಕೆಯಾದರೋ ಕೆಲವೇ ವರ್ಷಗಳದು. ಹೀಗೆ ಕ್ರೌರ್ಯದಲ್ಲಿ ಒಂದು ಲೆಕ್ಕಾಚಾರವಿರುವುದನ್ನು ಅವರು 1977ರಲ್ಲಿ ಅಬೂವಿನ ಮುಸುವಗಳನ್ನು ಕುರಿತ ಗ್ರಂಥದಲ್ಲಿ ವಿವರಿಸಿದರು. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿ. ಎನ್. ಎ. ಪರೀಕ್ಷೆಯಿಂದ, ಕೊಂದ ಗಂಡುಗಳು ಆ ಮರಿಗಳ ತಂದೆಗಳಲ್ಲವೆಂಬುದು ಖಚಿತವಾಯಿತು.

ಹರ್ಡಿಯವರು ಕಂಡ ಇನ್ನೊಂದು ಸಂಗತಿಯು ಪ್ರಸ್ತುತವಿಷಯಕ್ಕೆ ಹೆಚ್ಚು ಸಮೀಪವಾದುದು. ಹೆಣ್ಣುಮುಸುವವು ಹಿಂಡನ್ನು ಬಿಟ್ಟು ಹೊರಗಿನ ಗಂಡುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಿತು. ಕೆಲವೊಮ್ಮೆ ಬಸಿರಾದ ಮೇಲೂ ಕೂಡುತ್ತಿದ್ದಿತು. ಡಾರ್ವಿನನ ಕಾಲದಿಂದಲೂ ಹೆಣ್ಣು ಸಂಕೋಚಸ್ವಭಾವದ್ದು, ಗಂಡೇ ಚಪಲವೆಂಬ ಎಣಿಕೆ ರೂಢವಾಗಿದ್ದಿತು. ಈ ಕಡೆಯ ಕವಿಗಳಾದರೋ ಹೆಣ್ಣಿನ ಚಾಪಲ್ಯಕ್ಕೆ ಮನಸ್ಸಿನ ವಿಕಾರವನ್ನೋ ಪೂರ್ವಕರ್ಮವನ್ನೋ ಕಾರಣವಾಗಿ ಹೇಳಿ ಮುಗಿಸಿದರು. ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರಚರಿತೆಯ ಅಮೃತಮತಿಯು ಮಾವಟಿಗನ ಗಾನಕ್ಕೆ ಮನಸೋತುದನ್ನು ಕನ್ನಡಿಗರೆಲ್ಲ ಬಲ್ಲರು. ಹರ್ಡಿಯವರು ಕೇಳಿದ ಪ್ರಶ್ನೆ ಬೇರೆ. ಇದರಿಂದ ತಾಯಿಗೆ ಏನು ಪ್ರಯೋಜನ? ಅವರು ಕೊಟ್ಟ ಉತ್ತರ: ತನ್ನನ್ನು ಕೂಡಿದ ಹೆಣ್ಣಿನ ಮರಿಯನ್ನು ಗಂಡು ಸಾಮಾನ್ಯವಾಗಿ ಕೊಲ್ಲದು. ನಾಳೆ ಹಿಂಡಿಗೆ ಒಡೆಯನಾಗಬಹುದಾದ ಪ್ರತಿಯೊಂದು ಗಂಡಿಗೂ, ಇದು ತನ್ನ ಮರಿಯಾಗಿದ್ದರೂ ಇರಬಹುದೆಂಬ ಸಂದೇಹವನ್ನು ಉಳಿಸಿದರೆ ಮರಿಯು ಬದುಕೀತು. ಚಾಪಲ್ಯವೆಂದು ತೋರಿದುದು ವಾಸ್ತವವಾಗಿ ತಾಯಿಯ ಕಾವಲು! ಪ್ರಾಣಿಗಳ ನಡೆಗೆ ಮನುಷ್ಯರ ನೀತಿಶಬ್ದಗಳನ್ನು ಹಚ್ಚುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದುರ್ಲಭ.

ಅದೇ ಶಿಶುಹತ್ಯೆಯ ಭಯದಿಂದ ಎದುರು ದಾರಿಯೊಂದೂ ಹೊರಡುವುದು. ತಂದೆಯು ಪಕ್ಕದಲ್ಲಿಯೇ ಉಳಿದು ಮರಿಯನ್ನು ಕಾಯುವುದಾದರೆ ಪರಪುರುಷರ ಹಲ್ಲಿಗೆ ಅದು ಸಿಕ್ಕದು. 2013ರಲ್ಲಿ 230 ಜಾತಿಯ ಕಪಿವರ್ಗದ ಪ್ರಾಣಿಗಳ ವಂಶವೃಕ್ಷವನ್ನು ಗಣಿಸಿದ ಒಂದು ಪಂಡಿತಮಂಡಲಿಯು, ಆ ವರ್ಗದಲ್ಲಿ ಶಿಶುಹತ್ಯೆಯು ಮೊದಲು ಬಂದು ಏಕದಾಂಪತ್ಯವು ಅನಂತರ ಬಂದಿತೆಂದು ಸಾರಿತು. ಅದೇ ವರ್ಷ, ಮೇಲೆ ಹೇಳಿದ 2,500 ಜಾತಿಗಳ ಪರಿಶೀಲನೆಯನ್ನು ನಡೆಸಿದ ಲೂಕಾಸ್ ಮತ್ತು ಕ್ಲಟನ್-ಬ್ರಾಕ್ ಎಂಬವರು ಇದನ್ನು ಒಪ್ಪದೆ, ಹೆಣ್ಣುಗಳು ಒಂದನ್ನೊಂದು ಸಹಿಸದೆ ದೂರದೂರ ಹರಡಿಕೊಂಡುದರಿಂದ ಒಂದು ಗಂಡಿಗೆ ಒಂದಕ್ಕಿಂತ ಹೆಚ್ಚು ಹೆಣ್ಣುಗಳನ್ನು ಕಾಯಲು ಅಸಾಧ್ಯವಾಯಿತು, ಅದೇ ಕಾರಣವೆಂದರು. ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಏಕಾಭಿಪ್ರಾಯದವು: ಗಂಡು ಮರಿಯ ಲಾಲನೆಯಲ್ಲಿ ಕೈಗೂಡಿಸುವುದು ಜೊತೆಬಾಳಿಗೆ ಮೂಲಕಾರಣವಲ್ಲ, ಜೊತೆಬಾಳು ನೆಲೆಗೊಂಡ ಮೇಲೆ ಬಂದ ಫಲ. ವೆಸ್ಟರ್‌ಮಾರ್ಕನ ಸೂತ್ರವು ಇಲ್ಲಿ ತಿರುಗಿಬಿದ್ದಿತು.

ಇದನ್ನೆಲ್ಲ ಮನುಷ್ಯನಿಗೆ ಹೇಗೆ ಅನ್ವಯಿಸಬೇಕು? ಮುಸುವದ ನ್ಯಾಯವನ್ನು ಹಾಗೆಯೇ ಮನುಷ್ಯನ ಮೇಲೆ ಹೊರಿಸುವುದು ಅವಿವೇಕ. ಮೊದಲು ಶರೀರವನ್ನು ನೋಡಬೇಕು. ಗಂಡುಗೊರಿಲ್ಲವು ಹಲವು ಹೆಣ್ಣುಗಳನ್ನು ಕಾಯುವುದು. ಅದರ ತೂಕವು ಹೆಣ್ಣಿನ ತೂಕದ ಸುಮಾರು ಎರಡರಷ್ಟು. ಅಸ್ಸಾಮಿನ ಕಾಡುಗಳಲ್ಲಿರುವ ಹೂಲಕ್ ಮೊದಲಾದ ಗಿಬ್ಬನ್ನುಗಳು ಜೊತೆಯಾಗಿ ಬಾಳುವುವು. ಅವುಗಳಲ್ಲಿ ಗಂಡುಹೆಣ್ಣುಗಳ ಗಾತ್ರವು ಹೆಚ್ಚುಕಡಿಮೆ ಸಮ. ಮನುಷ್ಯನು ಈ ಎರಡರ ನಡುವೆ ನಿಲ್ಲುವನು, ಆದರೆ ಗಿಬ್ಬನ್ನಿನ ಕಡೆಗೇ ವಾಲಿ. ಹೆಣ್ಣುಗಳು ಅನೇಕ ಗಂಡುಗಳನ್ನು ಕೂಡುವ ಚಿಂಪಾಂಜಿಯಲ್ಲಿ ಗಂಡಿನ ವೃಷಣಗಳು ಶರೀರಕ್ಕೆ ಹೋಲಿಸಿದರೆ ಅತಿ ದೊಡ್ಡವು. ಗೊರಿಲ್ಲದಲ್ಲಿ ಅತಿ ಚಿಕ್ಕವು. ಮನುಷ್ಯನಲ್ಲಿ ಚಿಂಪಾಂಜಿಗಿಂತ ಬಹಳ ಚಿಕ್ಕವು. ಗಂಡಸಿನ ಕೋರೆಹಲ್ಲುಗಳು ಕಪಿಗಳ ಕೋರೆಗಳಂತಿಲ್ಲ. ಶರೀರದ ಸಾಕ್ಷ್ಯವು ಇಷ್ಟನ್ನು ಹೇಳುವುದು: ಮನುಷ್ಯನು ಚಿಂಪಾಂಜಿಯಂತೆ ಸರ್ವಸಂಸರ್ಗಿಯಾಗಿರಲಿಲ್ಲ, ಗೊರಿಲ್ಲದಂತೆ ಅಂತಃಪುರಪತಿಯೂ ಆಗಿರಲಿಲ್ಲ.

ಇದಕ್ಕಿಂತ ಮುಂದೆ ಹೋಗುವವರು ಕಲ್ಪನೆಯ ಕೈಹಿಡಿಯಬೇಕಾಗುವುದು. ಆಫ್ರಿಕದ ಟಾಂಜಾನಿಯದ ಲೇಟೋಲಿಯಲ್ಲಿ ಮೇರಿ ಲೀಕಿಯವರ ತಂಡವು 1978ರಲ್ಲಿ ಗುರುತಿಸಿದ ಹೆಜ್ಜೆಗಳು 36 ಲಕ್ಷ ವರ್ಷಗಳಿಗೂ ಹಿಂದಿನ ಬೂದಿಯಲ್ಲಿ ಮೂಡಿದವು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದವರು ಅದನ್ನು ಬೊಂಬೆಗಳಿಂದ ತೋರಿಸುವಾಗ ಒಂದು ಗಂಡು ಒಂದು ಹೆಣ್ಣಿನ ಹೆಗಲ ಮೇಲೆ ಕೈಯಿಟ್ಟು ನಡೆಯುವಂತೆ ನಿಲ್ಲಿಸಿದರು. ಹೆಜ್ಜೆಗುರುತಿನಲ್ಲಿ ಹೆಗಲ ಮೇಲಿನ ಕೈ ಎಲ್ಲಿಂದ ಕಂಡಿತೋ ತಿಳಿಯದು! ಅಮೆರಿಕದ ಓವೆನ್ ಲವ್‌ಜಾಯ್ 1981ರಲ್ಲಿ, ಗಂಡು ತನ್ನ ಜೊತೆಗಾತಿಗೂ ಮರಿಗೂ ಆಹಾರವನ್ನು ಕೈಯಲ್ಲಿ ಹೊತ್ತು ತರತೊಡಗಿದುದೇ ಎರಡು ಕಾಲಿನ ನಡಿಗೆಗೂ ಏಕದಾಂಪತ್ಯಕ್ಕೂ ಮೂಲವೆಂದು ಪ್ರತಿಪಾದಿಸಿದನು. ಕೇಳಲು ಇಂಪಾದ ವಾದ. ಆದರೆ ಟಾಂಜಾನಿಯದ ಹಡ್ಜಾ ಎಂಬ ಬೇಟೆಯ ಜನರ ನಡುವೆ ಇದ್ದು ಲೆಕ್ಕವಿಟ್ಟ ಕ್ರಿಸ್ಟನ್ ಹಾಕ್ಸ್ ಮೊದಲಾದವರು, ಗಂಡಸು ಹೊಡೆದ ದೊಡ್ಡ ಬೇಟೆಯು ಅವನ ಮನೆಗೇ ಮೀಸಲಾಗದೆ ಇಡೀ ಪಾಳೆಯಕ್ಕೆ ಹಂಚಿಹೋಗುವುದೆಂದೂ, ದಿನದಿನದ ಗಂಜಿಗೆ ಆಧಾರವಾದುದು ನೆಲ ಅಗೆದು ಗೆಡ್ಡೆ ತರುವ ಅಜ್ಜಿಯರ ದುಡಿಮೆಯೆಂದೂ ತೋರಿಸಿದರು. ಮಾನವಶಿಶುವು ಒಬ್ಬಳಿಂದಾಗಲಿ ಇಬ್ಬರಿಂದಾಗಲಿ ಸಾಕಲಾಗದಷ್ಟು ದೀರ್ಘಕಾಲ ಪರಾವಲಂಬಿ. ಅದಕ್ಕೆ ತಂದೆ, ಅಜ್ಜಿ, ಸೋದರಮಾವ, ಅಕ್ಕ ಎಲ್ಲರೂ ಬೇಕು.

ಲೋಕದ ಆಚಾರಗಳನ್ನು ನೋಡಿದರೆ ಏಕರೂಪತೆಯೇ ಇಲ್ಲ. ಮರ್ಡಾಕ್ ಎಂಬ ಅಮೆರಿಕದ ಪಂಡಿತನು ಆರಂಭಿಸಿದ ಜನಾಂಗಕೋಷ್ಟಕದ 1,231 ಸಮಾಜಗಳಲ್ಲಿ ಏಕಪತ್ನೀತ್ವವನ್ನು ಮಾತ್ರ ಒಪ್ಪಿದವು 186, ಬಹುಪತ್ನೀತ್ವವು ಅಲ್ಲಲ್ಲಿ ಕಂಡುಬರುವವು 453, ಹೆಚ್ಚಾಗಿರುವವು 588, ಬಹುಪತಿತ್ವವುಳ್ಳವು 4. ಹೀಗಿದ್ದರೂ ಬಹುಪತ್ನೀತ್ವವನ್ನು ಒಪ್ಪಿದ ಸಮಾಜಗಳಲ್ಲಿಯೂ ಬಹುಮಂದಿ ಗಂಡಸರಿಗೆ ಇದ್ದುದು ಒಬ್ಬಳೇ ಹೆಂಡತಿ. ಹಲವರನ್ನು ಸಾಕುವ ಶಕ್ತಿಯು ಕೆಲವರಿಗೆ ಮಾತ್ರ. ವೆನಿಜುವೆಲ ಮತ್ತು ಕೊಲಂಬಿಯಗಳ ಗಡಿಯಲ್ಲಿರುವ ಬಾರಿ ಎಂಬ ಜನರಲ್ಲಿ, ಬಸುರಿಯು ಬೇರೊಬ್ಬನನ್ನು ಕೂಡಿದರೆ ಅವನೂ ಮಗುವಿಗೆ ಎರಡನೆಯ ತಂದೆಯಾಗುವನೆಂಬ ನಂಬಿಕೆಯಿದ್ದಿತು. ಅವನು ಮೀನನ್ನೂ ಮಾಂಸವನ್ನೂ ಆ ಮನೆಗೆ ಕೊಡುವನು. ಲೆಕ್ಕಮಾಡಿದವರು, ಎರಡನೆಯ ತಂದೆಯಿದ್ದ ಮಕ್ಕಳಲ್ಲಿ ನೂರಕ್ಕೆ 80 ಮಂದಿಯೂ ಇಲ್ಲದವರಲ್ಲಿ ನೂರಕ್ಕೆ 64 ಮಂದಿಯೂ 15 ವರ್ಷದವರೆಗೆ ಬದುಕಿದುದನ್ನು ಕಂಡರು.

ಮನುಷ್ಯರಲ್ಲಿ ಬೀಜದ ನಿಷ್ಠೆಯು ಎಷ್ಟೆಂಬ ಪ್ರಶ್ನೆಗೂ ಉತ್ತರವು ದೊರೆತಿದೆ. ಹತ್ತರಲ್ಲಿ ಒಂದು ಮಗು ಪರರದೆಂಬ ಮಾತು ಪಶ್ಚಿಮದೇಶಗಳಲ್ಲಿ ಬಹುಕಾಲ ಹಬ್ಬಿದ್ದಿತು. ಅದಕ್ಕೆ ಗಟ್ಟಿಯಾದ ಆಧಾರವಿರಲಿಲ್ಲ. ಬೆಲ್ಜಿಯಮಿನ ಲಾರ್ಮುಸೋ ಎಂಬವರ ತಂಡವು, ದಾಖಲೆಗಳಂತೆ ಒಬ್ಬನೇ ಮೂಲಪುರುಷನಿಂದ ಇಳಿದುಬಂದ 513 ಜೊತೆ ಗಂಡಸರನ್ನು ಬೆಲ್ಜಿಯಂ ನೆದರ್ಲೆಂಡ್ಸ್‌ಗಳಲ್ಲಿ ಆರಿಸಿ, ತಂದೆಯಿಂದ ಮಗನಿಗೆ ಮಾತ್ರ ಬರುವ ವೈ-ವರ್ಣತಂತುವನ್ನು ಹೋಲಿಸಿ, 500 ವರ್ಷಗಳ ವೃತ್ತಾಂತವನ್ನು 2019ರಲ್ಲಿ ಪ್ರಕಟಿಸಿತು. ರೈತರಲ್ಲಿಯೂ ಸ್ಥಿತಿವಂತರಾದ ವರ್ತಕರಲ್ಲಿಯೂ ಅನ್ಯಜನ್ಯರಾದ ಮಕ್ಕಳು ನೂರಕ್ಕೆ ಅರ್ಧದಷ್ಟು ಮಾತ್ರ. 19ನೆಯ ಶತಮಾನದ ಕಿಕ್ಕಿರಿದ ಕೈಗಾರಿಕಾನಗರಗಳ ಬಡವರಲ್ಲಿ ಅದು ನೂರಕ್ಕೆ 6ರ ಸಮೀಪಕ್ಕೆ ಏರಿದ್ದಿತು. ಬಡವರ ನಡತೆ ಕೆಟ್ಟುದೆಂದು ಇದನ್ನು ಓದುವವರು ಎಚ್ಚರದಿಂದಿರಬೇಕು. ಅಂತಹ ನಗರಗಳಲ್ಲಿ ಹೆಂಗಸಿನ ಒಪ್ಪಿಗೆಯಿಲ್ಲದೆ ನಡೆದ ಬಲಾತ್ಕಾರವನ್ನೂ, ಹಸಿವಿನ ಒತ್ತಾಯವನ್ನೂ ವರ್ಣತಂತುವು ಬೇರೆಮಾಡಿ ತೋರಿಸದು.

ಇದಕ್ಕೆ ಎದುರಾಗಿ ಆಫ್ರಿಕದ ನಮೀಬಿಯ ದೇಶದ ಹಿಂಬಾ ಎಂಬ ಪಶುಪಾಲಕರಿರುವರು. 2020ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಅವರಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ನೂರಕ್ಕೆ 48ರಷ್ಟು ವಿವಾಹದ ಹೊರಗಿನವರು. ಅಲ್ಲಿ ಇದು ಗುಟ್ಟಲ್ಲ. ಅಂತಹ ಮಗುವಿಗೆ ಓಮೋಕಾ ಎಂಬ ಹೆಸರೇ ಉಂಟು. ಯಾರ ಮಗು ಯಾರದೆಂಬುದನ್ನು ತಾಯಿಯೂ ಆಕೆಯ ಗಂಡನೂ ಬಹುಮಟ್ಟಿಗೆ ಸರಿಯಾಗಿಯೇ ಬಲ್ಲರು. ಗಂಡನು ಅದಕ್ಕೆ ತಂದೆಯೆನಿಸಿಕೊಂಡು ಸಾಕುವನು. ಪಾಂಡುವಿನ ಉತ್ತರಕುರುಗಳು ಹಿಮಾಲಯದಾಚೆ ಇದ್ದುವೋ ಇಲ್ಲವೋ. ಉದ್ದಾಲಕನಂತೆ ಶಾಂತರಾದ ಗಂಡಂದಿರು ಲೋಕದಲ್ಲಿ ಇರುವುದು ಸುಳ್ಳಲ್ಲ.

ಆದುದರಿಂದ ಶ್ವೇತಕೇತುವಿನ ಕಥೆಯ ಮೊದಲ ಪ್ರತಿಜ್ಞೆಯು ಅರ್ಧ ನಿಜ. ಪಶುಪಕ್ಷಿಗಳಲ್ಲಿ ಜೊತೆಬಾಳೂ ಇದೆ, ಅದನ್ನು ಮೀರುವುದೂ ಇದೆ. ಎರಡನೆಯದು ಇನ್ನೊಂದು ವಿಧದಿಂದ ಅರ್ಧ ನಿಜ. ಜೊತೆಗೂಡುವ ಒಲವು ಮನುಷ್ಯನಿಗೆ ಯಾವ ಋಷಿಯೂ ಕೊಟ್ಟುದಲ್ಲ. ಅದು ಋಷಿಗಳಿಗಿಂತ ಬಹಳ ಹಳೆಯದು. ಎಲ್ಲರಿಗೂ ಒಂದೇ ಜೊತೆಯೆಂಬ ಕಟ್ಟುಪಾಡು ಮಾತ್ರ ಮನುಷ್ಯರು ಮಾಡಿಕೊಂಡುದು; ಅದೂ ಈಚಿನದು.

ಎಷ್ಟು ಈಚಿನದೆಂಬುದನ್ನು ಧಾರವಾಡ, ಬೆಳಗಾವಿ, ವಿಜಾಪುರಗಳ ಹಿರಿಯ ತಲೆಮಾರಿನವರು ತಮ್ಮ ಕಾಲದಲ್ಲಿಯೇ ಕಂಡಿದ್ದರು. ಆ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1946ರಲ್ಲಿ ಹಿಂದೂಗಳ ದ್ವಿಪತ್ನೀತ್ವವನ್ನು ನಿಷೇಧಿಸುವ ಶಾಸನವು ಅಲ್ಲಿ ಜಾರಿಗೆ ಬಂದಿತು. ಪುತ್ರಸಂತಾನಕ್ಕಾಗಿ ಎರಡನೆಯ ಮದುವೆಯು ಧರ್ಮವೆಂದು ವಾದಿಸಿ ಅದನ್ನು ಎದುರಿಸಿದ ಮೊಕದ್ದಮೆಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು 1951ರಲ್ಲಿ ಶಾಸನವನ್ನು ಎತ್ತಿಹಿಡಿಯಿತು. 1955ರ ಹಿಂದೂ ವಿವಾಹಶಾಸನದಿಂದ ಆ ನಿಯಮವು ದೇಶದ ಹಿಂದೂಗಳಿಗೆಲ್ಲ ವಿಸ್ತರಿಸಿತು. ಅದಕ್ಕೆ ಮುಂಚೆ ಸ್ತ್ರೀಗೆ ಒಬ್ಬನೇ ಪತಿ, ಪುರುಷನಿಗೆ ಬೇಕಾದಷ್ಟು ಪತ್ನಿಯರು. ದೀರ್ಘತಮಸ್ಸಿನ ಕಟ್ಟಳೆಯೇ ಶತಮಾನಗಳುದ್ದಕ್ಕೂ ಬಾಳಿತ್ತು.

ವ್ಯಭಿಚಾರದ ದಂಡವಿಧಿಯ ಇತಿಹಾಸವೂ ಹೀಗೆಯೇ. 1860ರ ಭಾರತ ದಂಡಸಂಹಿತೆಯ 497ನೆಯ ಕಲಮಿನಂತೆ, ಪರರ ಹೆಂಡತಿಯೆಂದು ತಿಳಿದೂ ಆಕೆಯ ಗಂಡನ ಸಮ್ಮತಿಯಿಲ್ಲದೆ ಆಕೆಯನ್ನು ಕೂಡಿದ ಗಂಡಸಿಗೆ ಐದು ವರ್ಷಗಳವರೆಗೆ ಸೆರೆ. ಗಂಡನ ಸಮ್ಮತಿಯಿದ್ದರೆ ಅಪರಾಧವಿಲ್ಲ! ಅವಿವಾಹಿತೆಯನ್ನೋ ವಿಧವೆಯನ್ನೋ ಕೂಡಿದರೆ ಅಪರಾಧವಿಲ್ಲ. ತಪ್ಪಿ ನಡೆದ ಗಂಡನ ಮೇಲೆ ಅವನ ಹೆಂಡತಿಯು ಫಿರ್ಯಾದು ಕೊಡುವಂತಿರಲಿಲ್ಲ. ಆ ಕಲಮು ಕಾಯ್ದುದು ನಿಷ್ಠೆಯನ್ನಲ್ಲ, ಒಬ್ಬ ಗಂಡಸಿನ ಸ್ವತ್ತನ್ನು ಇನ್ನೊಬ್ಬನಿಂದ. 2018ರ ಸಪ್ಟಂಬರ 27ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಏಕಮತದಿಂದ ಅದನ್ನು ರದ್ದುಗೊಳಿಸಿದರು. 2024ರ ಜುಲೈ 1ರಿಂದ ಆಚರಣೆಗೆ ಬಂದ ಹೊಸ ಸಂಹಿತೆಯಲ್ಲಿ ಅಂತಹ ಕಲಮು ಇಲ್ಲ. ದ್ವಿಪತ್ನೀತ್ವವು ಹೊಸ ಸಂಹಿತೆಯಲ್ಲಿಯೂ ಅಪರಾಧವಾಗಿಯೇ ಉಳಿದಿದೆ. ವ್ಯಭಿಚಾರವು ಹಿಂದೂ ವಿವಾಹಶಾಸನದಂತೆ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. 1976ರ ತಿದ್ದುಪಡಿಯ ಮೇಲೆ, ಮದುವೆಯಾದ ಬಳಿಕ ಒಮ್ಮೆ ಮೀರಿ ನಡೆದರೂ ಸಾಕು, ಮೀರಿದವನು ಗಂಡನಾದರೆ ಹೆಂಡತಿಯೂ, ಮೀರಿದವಳು ಹೆಂಡತಿಯಾದರೆ ಗಂಡನೂ ನ್ಯಾಯಾಲಯಕ್ಕೆ ಹೋಗಬಹುದು. ಆದಿಪರ್ವದ ಆ ತರುಣನು ಹೇಳಿದ ಎರಡನೆಯ ವಿಧಿಯು ಹೀಗೆ ಶಾಸನದ ಪುಟವನ್ನು ಸೇರಿತು. ಮೂರನೆಯದನ್ನು, ಕುಂತಿಯು ಒಲ್ಲೆನೆಂದುದನ್ನು, ಯಾರೂ ಕೇಳುತ್ತಿಲ್ಲ.